ಸದ್ದಿನ ಕೆಲಸ, ಸಂಗೀತದ ಕೆಲಸ

1995ರಲ್ಲಿ ಬಿಬಿಸಿ ರೇಡಿಯೊ ಆಗಿನ ಕೆಲವು ಎಳೆಯ ಎಲೆಕ್ಟ್ರಾನಿಕ್ ಸಂಗೀತಗಾರರ ರಚನೆಗಳನ್ನು ಒಟ್ಟುಮಾಡಿ ಜರ್ಮನಿಯ ಹಿರಿಯ ಸಂಯೋಜಕ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ಅವರಿಗೆ ಕಳಿಸಿ, ಅಭಿಪ್ರಾಯ ಹೇಳಿ ಎಂದು ಕೇಳಿತು. ಅವುಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಬೆಳೆದ ರಿಚರ್ಡ್ ಡಿ. ಜೇಮ್ಸ್ ಅವರ ಸಂಗೀತವೂ ಇತ್ತು. ಕೇಳುಗರು ಅವರನ್ನು ಏಫೆಕ್ಸ್ ಟ್ವಿನ್ ಎಂಬ ಹೆಸರಿನಿಂದ ಬಲ್ಲರು. ಒಂದೇ ಲಯದ ತುಣುಕನ್ನು ತಿರುತಿರುಗಿ ಬಾರಿಸುವುದನ್ನು ಈ ಹುಡುಗ ಬಿಡಲಿ, ನಾನು 1956ರಲ್ಲಿ ಮುಗಿಸಿದ 'ಗೆಸಾಂಗ್ ಡೆರ್ ಯೂಂಗ್‌ಲಿಂಗೆ'ಯನ್ನು ಒಮ್ಮೆ ಕೇಳಲಿ ಎಂಬುದು ಸ್ಟಾಕ್‌ಹೌಸೆನ್ ಕೊಟ್ಟ ಸಲಹೆ. ಜೇಮ್ಸ್ ಸುಮ್ಮನಿರಲಿಲ್ಲ. ಅವರೇ ನನ್ನ 'ಡಿಜೆರಿಡೂ' ಕೇಳಲಿ, ಯಾರೂ ಕುಣಿಯಲಾಗದ ಗೊತ್ತುಗುರಿಯಿಲ್ಲದ ವಿನ್ಯಾಸಗಳನ್ನು ಮಾಡುವುದು ಆಗ ನಿಂತೀತು ಎಂಬರ್ಥದ ಉತ್ತರ ಕೊಟ್ಟರು. 'ದಿ ವೈರ್' ಪತ್ರಿಕೆ ಎರಡನ್ನೂ ಅಚ್ಚು ಮಾಡಿತು.

ಈ ಜಗಳದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇಬ್ಬರೂ ಆಡದೆ ಬಿಟ್ಟ ಮಾತು. ಎದುರಿನವನಿಗೆ ಯಂತ್ರ ಪಳಗಿಲ್ಲ ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಇಬ್ಬರೂ ತಮ್ಮ ತಮ್ಮ ಕಾಲದ ಅಸಾಧಾರಣ ತಂತ್ರಜ್ಞರು. ತಂತಿ, ಟೇಪು, ಸರ್ಕ್ಯೂಟುಗಳ ಒಳಹೊರಗನ್ನು ಅರಿತವರು. ತಕರಾರು ಇದ್ದದ್ದು ಕಾಲದ ಬಗ್ಗೆ. ಒಬ್ಬರಿಗೆ ಮತ್ತೊಬ್ಬರ ಸಂಗೀತ ನಿಂತಲ್ಲೇ ನಿಂತಂತೆ ಕೇಳಿಸಿತು, ಮತ್ತೊಬ್ಬರಿಗೆ ಇವರದು ಎಲ್ಲೂ ಕಾಲೂರದ ಹಾಗೆ. ಪ್ರಯೋಗಶೀಲ ಎಲೆಕ್ಟ್ರಾನಿಕ್ ಸಂಗೀತ ಹುಟ್ಟಿ ಮುಕ್ಕಾಲು ಶತಮಾನ ಕಳೆದಿದೆ. ಅಷ್ಟೂ ಕಾಲ ಒಂದು ದೂರು ಅದರ ಜೊತೆಗೇ ಬಂದಿದೆ: ಸದ್ದೇನೋ ಬೆರಗುಗೊಳಿಸುತ್ತದೆ, ಸಂಗೀತ ಎಲ್ಲಿ? ಅದರ ಎದುರು ದೂರೂ ಇದೆ: ರಾಗ, ಲಯ ಎಲ್ಲ ಸರಿ, ಆದರೆ ಸದ್ದು ಹಳತು, ಕಚ್ಚಾ, ಇದರಲ್ಲಿ ಪ್ರಯೋಗವೇನು ಬಂತು? ಈ ಎರಡು ದೂರುಗಳ ನಡುವಿನ ಇತಿಹಾಸವನ್ನು ಇಲ್ಲಿ ನೋಡಬೇಕೆಂದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತಂತ್ರವು ಒಂದು ಕ್ಷಣದ ಸದ್ದನ್ನು ತಿದ್ದಬಲ್ಲದು. ಆ ಕ್ಷಣಕ್ಕೂ ಅದರ ಹಿಂದಿನ, ಮುಂದಿನ ಕ್ಷಣಗಳಿಗೂ ಏನು ಸಂಬಂಧ ಎಂಬುದನ್ನು ಕಿವಿಯೇ ಕೂತು ತೀರ್ಮಾನಿಸಬೇಕು. ಈ ಸಂಗೀತದ ದೊಡ್ಡ ಗೆಲುವು, ದೊಡ್ಡ ಸೋಲು ಎರಡೂ ಅಲ್ಲೇ ಆಗಿವೆ.

ಸಂಯೋಜನೆ ಬೇರೆ, ಧ್ವನಿ ತಯಾರಿಕೆ ಬೇರೆ ಎಂಬ ವಿಂಗಡಣೆ ಈ ಕ್ಷೇತ್ರದಲ್ಲಿ ಎಷ್ಟು ಬೇಗ ಮುರಿಯಿತು ಎಂಬುದಕ್ಕೆ 1963ರ ಒಂದು ಪ್ರಸಂಗ ಸಾಕು. ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಗೆ ಶೀರ್ಷಿಕೆ ಸಂಗೀತ ಬೇಕಿತ್ತು. ರಾನ್ ಗ್ರೇನರ್ ರಾಗದ ಎಳೆಯನ್ನು ಕಾಗದದ ಮೇಲೆ ಬರೆದುಕೊಟ್ಟರು. ಅದನ್ನು ಸದ್ದಾಗಿಸುವ ಹೊಣೆ ಬಿಬಿಸಿಯದೇ ಸದ್ದಿನ ವಿಭಾಗವಾದ ರೇಡಿಯೊಫೋನಿಕ್ ವರ್ಕ್‌ಶಾಪಿನ ಡೆಲಿಯಾ ಡರ್ಬಿಶೈರ್ ಅವರ ಪಾಲಿಗೆ ಬಂತು. ಕೇಂಬ್ರಿಡ್ಜಿನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿದ್ದ ಆಕೆಯ ಬಳಿ ಸಿಂಥಸೈಜರ್ ಇರಲಿಲ್ಲ. ಮೀಟಿದ ಒಂದು ತಂತಿಯ ಧ್ವನಿಯನ್ನು ಟೇಪಿಗೆ ಹಿಡಿದು, ಓಟದ ವೇಗ ಬದಲಿಸಿ ಬೇಕಾದ ಸ್ವರಗಳನ್ನು ಪಡೆದು, ಆ ತುಂಡುಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರು. ಮೇಲಿನ ರಾಗಕ್ಕೆ ಪರೀಕ್ಷೆಗೆಂದು ಇಟ್ಟಿದ್ದ ಆಸಿಲೇಟರುಗಳ ಗುಂಡಿಯನ್ನು ಕೈಯಿಂದ ತಿರುಗಿಸಿದರು. ಒಂದೊಂದು ಸ್ವರದ ಉದ್ದವನ್ನೂ ಟೇಪಿನ ಮೇಲೆ ಅಳೆದರು. ಕೊನೆಗೆ ಕೇಳಿದ ಗ್ರೇನರ್, ಇದನ್ನು ಬರೆದದ್ದು ನಾನೇನಾ ಎಂದು ಬೆರಗಾದರೆಂಬ ಕಥೆ ಪ್ರಸಿದ್ಧ. ಆಕೆಯ ಹೆಸರನ್ನೂ ಸಂಯೋಜಕರೆಂದು ಸೇರಿಸಿ ಎಂದು ಅವರೇ ಕೇಳಿಕೊಂಡರು. ಬಿಬಿಸಿ ಒಪ್ಪಲಿಲ್ಲ, ವರ್ಕ್‌ಶಾಪಿನವರು ತಾಂತ್ರಿಕ ಸಿಬ್ಬಂದಿ, ಅವರ ಹೆಸರು ಬರಕೂಡದು ಎಂಬುದು ಸಂಸ್ಥೆಯ ನಿಯಮವಾಗಿತ್ತು. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಪರದೆಯ ಮೇಲೆ ಅವರ ಹೆಸರು ಕಾಣಿಸಿಕೊಂಡದ್ದು 2013ರಲ್ಲಿ, ಧಾರಾವಾಹಿಯ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ತಾಂತ್ರಿಕ ಕೆಲಸ, ಸಂಗೀತದ ಕೆಲಸ ಎಂಬ ಗೆರೆ ಬರೀ ಸೌಂದರ್ಯಮೀಮಾಂಸೆಯ ಚರ್ಚೆಯಾಗಿ ಉಳಿಯಲಿಲ್ಲ. ಯಾರಿಗೆ ಹಣ, ಯಾರಿಗೆ ಹೆಸರು ಎಂಬುದನ್ನೂ ಅದೇ ಗೆರೆ ತೀರ್ಮಾನಿಸಿತು. ಈ ಅನ್ಯಾಯಕ್ಕೆ ಹೆಚ್ಚಾಗಿ ಗುರಿಯಾದವರು ಸ್ಟುಡಿಯೊಗಳಲ್ಲಿ ದುಡಿದ ಹೆಂಗಸರು ಎಂಬುದನ್ನೂ ಮರೆಯಬಾರದು.

ಆ ಗೆರೆಯ ಬೇರು ಇನ್ನೂ ಹಿಂದೆ ಇದೆ. 1948ರ ಅಕ್ಟೋಬರ್ 5ರಂದು ಪ್ಯಾರಿಸ್ ರೇಡಿಯೊದಲ್ಲಿ ಪಿಯೆರ್ ಶೆಫರ್ ಅವರ 'ಸದ್ದುಗಳ ಐದು ಅಭ್ಯಾಸ'ಗಳು ಪ್ರಸಾರವಾದವು. ಶೆಫರ್ ಓದಿನಿಂದ ಎಂಜಿನಿಯರು, ಕೆಲಸ ರೇಡಿಯೊದಲ್ಲಿ. ಬಾತಿನ್ಯೋಲ್ ನಿಲ್ದಾಣದಲ್ಲಿ ಹಿಡಿದ ರೈಲು ಎಂಜಿನ್ನುಗಳ ಸದ್ದನ್ನು ತಟ್ಟೆಗಳ ಮೇಲೆ ಕೊರೆದು, ಒಂದು ಸುತ್ತಿನ ಗೀರು ತನ್ನನ್ನೇ ಕೂಡಿಕೊಳ್ಳುವಂತೆ ಮಾಡಿ, ಆ ತುಣುಕನ್ನು ಮತ್ತೆ ಮತ್ತೆ ತಿರುಗಿಸಿದ್ದರು. ಇಂದು ಎಲ್ಲ ಸಂಗೀತ ಸಾಫ್ಟ್‌ವೇರಿನಲ್ಲೂ ಇರುವ ಲೂಪ್ ಹುಟ್ಟಿದ್ದು ಹೀಗೆ. ಆದರೆ ತಮ್ಮ ಆವಿಷ್ಕಾರದ ಮೇಲೆ ಅವರಿಗೇ ಅಸಮಾಧಾನವಿತ್ತು. ಕೇಳುವವನಿಗೆ ರೈಲು ರೈಲಾಗಿಯೇ ಕೇಳಿಸುತ್ತದೆ, ಸದ್ದು ತನ್ನ ಮೂಲದಿಂದ ಬಿಡಿಸಿಕೊಂಡು ಸಂಗೀತದ ವಸ್ತುವಾಗುತ್ತಿಲ್ಲ ಎಂಬ ಕೊರಗು ಅದು. 1966ರಲ್ಲಿ ಬಂದ ಅವರ ದೊಡ್ಡ ಗ್ರಂಥ ಸದ್ದುಗಳನ್ನು ಕಿವಿಯಿಂದಲೇ ವಿಂಗಡಿಸುವ ಪ್ರಯತ್ನ. ಯಂತ್ರದ ಅಳತೆಗಿಂತ ಕೇಳುವ ಅನುಭವಕ್ಕೆ ಅಲ್ಲಿ ಮೊದಲ ಮಣೆ.

ಜರ್ಮನಿಯ ಕಲೋನ್ ನಗರದ ರೇಡಿಯೊ ಸ್ಟುಡಿಯೊ ಇದಕ್ಕೆ ಬೆನ್ನು ಹಾಕಿ ನಿಂತಿತು. ಹರ್ಬರ್ಟ್ ಐಮರ್ಟ್ ಮುಂದಾಳತ್ವದ ಅಲ್ಲಿನವರಿಗೆ ಹೊರಗಿನ ಸದ್ದು ಬೇಡವಾಗಿತ್ತು. ಉಪಸ್ವರಗಳಿಲ್ಲದ ಶುದ್ಧ ಸೈನ್ ಅಲೆಯಿಂದ ಆರಂಭಿಸಿ ಎಲ್ಲವನ್ನೂ ಲೆಕ್ಕದಿಂದ ಕಟ್ಟುವುದು ಅವರ ಗುರಿ. 1954ರ ಸ್ಟಾಕ್‌ಹೌಸೆನ್ ಕೃತಿ 'ಸ್ಟುಡಿಯೆ 2' ಅದರ ತುತ್ತತುದಿ. ವಾಡಿಕೆಯ ಸ್ವರಮೇಳವನ್ನು ಬಿಟ್ಟು, ಐದರ ಇಪ್ಪತ್ತೈದನೇ ಮೂಲವನ್ನು ಹೆಜ್ಜೆಯಾಗಿಟ್ಟುಕೊಂಡು 81 ಸ್ವರಗಳ ಶ್ರೇಣಿಯನ್ನೇ ಅವರು ಹೊಸದಾಗಿ ಮಾಡಿದರು. ಸದ್ದಿನ ಮಿಶ್ರಣ, ಏರಿಳಿತ, ಉದ್ದ ಎಲ್ಲಕ್ಕೂ ಒಂದೇ ಲೆಕ್ಕದ ಅಡಿಪಾಯ. ಅದರ ಸ್ವರಲಿಪಿ ರೇಖಾಚಿತ್ರವಾಗಿ 1956ರಲ್ಲಿ ಅಚ್ಚಾಯಿತು. ಲಿಪಿಯನ್ನು ಕಣ್ಣೆದುರು ಇಟ್ಟುಕೊಂಡರೆ ರಚನೆಯ ಅಚ್ಚುಕಟ್ಟು ಮೆಚ್ಚುಗೆಯಾಗುತ್ತದೆ. ಅದನ್ನು ಮುಚ್ಚಿಟ್ಟು ಕೇಳಿದಾಗ, ಮೂರು ನಿಮಿಷ ಚಿಲ್ಲರೆಯ ಆ ಕೃತಿಯಲ್ಲಿ ಮುಂದೇನು ಎಂಬ ಕಾತರ ನನ್ನಲ್ಲಿ ಹುಟ್ಟುವುದಿಲ್ಲ. ಒಂದರ ಜಾಗದಲ್ಲಿ ಇನ್ನೊಂದು ಸದ್ದು ಬಂದಿದ್ದರೂ ಕಿವಿ ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ.

ಎರಡೇ ವರ್ಷದಲ್ಲಿ ಅದೇ ಸ್ಟಾಕ್‌ಹೌಸೆನ್, ಅದೇ ಸ್ಟುಡಿಯೊದಲ್ಲಿ, ಒಬ್ಬ ಹುಡುಗನ ಹಾಡುವ ದನಿಯನ್ನು ಒಳಗೆ ಬಿಟ್ಟುಕೊಂಡರು. 'ಗೆಸಾಂಗ್' ಆಗಿದ್ದು ಹಾಗೆ. ಇಲ್ಲಿಯೂ ಲೆಕ್ಕಕ್ಕೆ ಬರವಿಲ್ಲ. ಮಾತು ಸ್ಪಷ್ಟವಾಗಿ ಅರ್ಥವಾಗುವುದರಿಂದ ಹಿಡಿದು ಏನೂ ಅರ್ಥವಾಗದಿರುವವರೆಗೆ ಹಲವು ಹಂತಗಳನ್ನು ಮಾಡಿ, ಅವನ್ನೂ ಸ್ವರಗಳ ಹಾಗೆ ಶ್ರೇಣಿಯಾಗಿ ಬಳಸಿದ್ದಾರೆ. ದನಿ ಗುಂಪಾಗಿ ಒಡೆದು, ಸೈನ್ ಅಲೆಗಳಲ್ಲಿ ಕರಗಿ, ಹಠಾತ್ತನೆ ಒಂದು ಪದವಾಗಿ ಹೊರಗೆ ಬರುತ್ತದೆ. ಸುತ್ತಲೂ ಇಟ್ಟ ಸ್ಪೀಕರುಗಳಲ್ಲಿ ಅದು ಜಾಗ ಬದಲಿಸುತ್ತದೆ. ಒಮ್ಮೆ ಪದ ಕೇಳಿಸಿದ ಮೇಲೆ ಕಿವಿ ಅದು ಮತ್ತೆ ಸಿಕ್ಕೀತೇ ಎಂದು ಕಾಯತೊಡಗುತ್ತದೆ. ಹಿಂದಿನದರ ನೆನಪು, ಮುಂದಿನದರ ನಿರೀಕ್ಷೆ ಎರಡೂ ಹುಟ್ಟಿದವು. 'ಸ್ಟುಡಿಯೆ 2'ಕ್ಕಿಂತ ಇದು ತಾಂತ್ರಿಕವಾಗಿ ಸರಳವೇನಲ್ಲ, ಎಷ್ಟೋ ಪಾಲು ಜಟಿಲ. ತಂತ್ರ ಹೆಚ್ಚಾದಂತೆ ಸಂಗೀತ ಕಡಿಮೆಯಾಗುತ್ತದೆ ಎನ್ನುವವರು ಈ ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಬೇಕು.

ಅಮೆರಿಕದಲ್ಲಿ ವಾದ ವಿಶ್ವವಿದ್ಯಾಲಯದ ದಿರಿಸು ತೊಟ್ಟಿತು. ಆರ್‌ಸಿಎ ಕಂಪನಿಯ ಬೃಹತ್ ಸಿಂಥಸೈಜರಿನಲ್ಲಿ ಕೆಲಸ ಮಾಡಿದ ಮಿಲ್ಟನ್ ಬ್ಯಾಬಿಟ್ 1958ರಲ್ಲಿ ಒಂದು ಲೇಖನ ಬರೆದರು. ಮುಂದುವರಿದ ಗಣಿತ ಸಾಮಾನ್ಯನಿಗೆ ತಿಳಿಯದಿದ್ದರೆ ಯಾರೂ ಗಣಿತಜ್ಞನನ್ನು ದೂರುವುದಿಲ್ಲ, ಸಂಯೋಜಕನಿಗೂ ಅದೇ ಸವಲತ್ತು ಬೇಕು ಎಂಬುದು ಅದರ ತಿರುಳು. ಪತ್ರಿಕೆಯ ಸಂಪಾದಕರು ಅವರ ಶೀರ್ಷಿಕೆ ತೆಗೆದು, ನೀವು ಕೇಳಿದರೆಷ್ಟು ಬಿಟ್ಟರೆಷ್ಟು ಎಂಬ ಧಾಟಿಯ ಶೀರ್ಷಿಕೆ ಹಾಕಿಬಿಟ್ಟರು; ಬ್ಯಾಬಿಟ್ ಬದುಕಿಡೀ ಅದರ ಹೊರೆ ಹೊತ್ತರು. ಅವರ ವಾದದಲ್ಲಿ ನ್ಯಾಯವಿದೆ. ಸಂಶೋಧನೆಗೆ ಸಂತೆಯ ಒಪ್ಪಿಗೆ ಬೇಕಿಲ್ಲ. ಆದರೆ ಗಣಿತದ ಸಾಧನೆಯನ್ನು ಇನ್ನೊಬ್ಬ ಗಣಿತಜ್ಞ ಕಾಗದದ ಮೇಲೆ ಪರೀಕ್ಷಿಸಬಹುದು, ಸಂಗೀತವನ್ನು ಕೊನೆಗೂ ಕಾಲದಲ್ಲಿ ಕೂತು ಕೇಳಲೇಬೇಕು.

ಸಿಂಥಸೈಜರಿಗೆ ಕೀಬೋರ್ಡ್ ಇರಬೇಕೇ ಎಂಬ ಜಗಳವೂ ಇದರದೇ ಇನ್ನೊಂದು ಮುಖ. ತಯಾರಕರಲ್ಲಿ ರಾಬರ್ಟ್ ಮೂಗ್ ಇಟ್ಟರು, ಡಾನ್ ಬುಕ್ಲಾ ಬೇಡವೆಂದರು. ಮಾರ್ಟನ್ ಸಬಾಟ್ನಿಕ್ 1967ರಲ್ಲಿ ಬುಕ್ಲಾ ಯಂತ್ರದಲ್ಲಿ 'ಸಿಲ್ವರ್ ಆ್ಯಪಲ್ಸ್ ಆಫ್ ದ ಮೂನ್' ಮಾಡಿದರು. ಮರುವರ್ಷ ವೆಂಡಿ ಕಾರ್ಲೋಸ್ ಮೂಗ್ ಯಂತ್ರದಲ್ಲಿ ಬಾಖ್ ಕೃತಿಗಳನ್ನು ನುಡಿಸಿ ಲೋಕವನ್ನೇ ಗೆದ್ದರು. ಜನರಿಗೆ ಎರಡನೆಯದು ಸಂಗೀತ, ಮೊದಲನೆಯದು ಪ್ರಯೋಗ. ಕಾರ್ಲೋಸ್ ಅವರ ಯಂತ್ರ ಏಕಕಾಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು, ಶ್ರುತಿಯೂ ಜಾರುತ್ತಿತ್ತು. ಎಳೆ ಎಳೆಯಾಗಿ ಟೇಪಿನಲ್ಲಿ ಪೇರಿಸಿದ ಆ ಬಾಖ್ ಸ್ಟುಡಿಯೊ ದುಡಿಮೆಯ ಪರಾಕಾಷ್ಠೆ ಎಂಬುದು ಕೇಳುಗರಿಗೆ ತಿಳಿಯಲೇ ಇಲ್ಲ. ಅದು ತಿಳಿಯದಿದ್ದುದೇ ಕಾರ್ಲೋಸ್ ಅವರ ಹಿರಿಮೆ.

ಈ ಇತಿಹಾಸದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಅವರ ಬಳಿ. ಅವರು ಎಂಜಿನಿಯರಲ್ಲ; ತಾಳವಾದ್ಯ ನುಡಿಸುತ್ತಿದ್ದವರು, ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆ ಅವರಲ್ಲಿ ಸಂಯೋಜನೆ ಕಲಿತವರು. ಬೆಲ್ ಲ್ಯಾಬ್ಸಿನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ 1957ರಿಂದ ಬರೆಯುತ್ತ ಬಂದಿದ್ದ ಕಂಪ್ಯೂಟರ್ ಸಂಗೀತದ ಪ್ರೋಗ್ರಾಮುಗಳನ್ನು ಹಿಡಿದು ಅವರು ಪ್ರಯೋಗ ಮಾಡುತ್ತಿದ್ದರು. 1967ರಲ್ಲಿ ಒಂದು ಸ್ವರಕ್ಕೆ ಕಂಪನ ಹಚ್ಚಿ, ಗಾಯಕರು ದನಿಯನ್ನು ಸಣ್ಣಗೆ ನಡುಗಿಸುವ ಹಾಗೆ, ಅದರ ವೇಗವನ್ನೂ ಆಳವನ್ನೂ ಏರಿಸುತ್ತ ಹೋದರು. ಯಾವ ಗಂಟಲಿಗೂ ಸಾಧ್ಯವಿಲ್ಲದ ವೇಗಕ್ಕೆ ಹೋದಾಗ ಕಂಪನ ಕಂಪನವಾಗಿ ಕೇಳುವುದು ನಿಂತು ಹೊಸ ನಾದಗುಣವೇ ಹುಟ್ಟಿತು: ಗಂಟೆ, ಹಿತ್ತಾಳೆಯ ತುತ್ತೂರಿ, ಮರದ ಬಡಿತ. ಎರಡೇ ಆಸಿಲೇಟರುಗಳಿಂದ ಇಷ್ಟು ಶ್ರೀಮಂತ ಸದ್ದು ಸಿಗುವುದೆಂದು ಯಾರೂ ಎಣಿಸಿರಲಿಲ್ಲ. ಇದಕ್ಕೆ ಬೇಕಾದ ಗಣಿತ ರೇಡಿಯೊ ಪ್ರಸಾರದ ಎಂಜಿನಿಯರುಗಳಿಗೆ ಮೊದಲೇ ಗೊತ್ತಿತ್ತು. ಆದರೂ ಅದರೊಳಗೆ ಸಂಗೀತವಿದೆ ಎಂದು ಕಂಡುಕೊಂಡದ್ದು ಒಬ್ಬ ವಾದಕನ ಕಿವಿ.

ಮುಂದಿನ ಕಥೆ ಎರಡು ಹಾದಿ ಹಿಡಿಯಿತು. ಯಮಾಹಾ ಈ ತಂತ್ರದ ಹಕ್ಕು ಪಡೆದು 1983ರಲ್ಲಿ ಡಿಎಕ್ಸ್7 ಕೀಬೋರ್ಡ್ ತಂದಿತು. ಒಂದು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದರಲ್ಲಿ ಹೊಸ ಸದ್ದು ಕಟ್ಟುವುದು ಕಷ್ಟವಾಗಿದ್ದರಿಂದ ಬಹುತೇಕರು ಕಂಪನಿ ತುಂಬಿಕೊಟ್ಟ ಸದ್ದುಗಳನ್ನೇ ನೆಚ್ಚಿಕೊಂಡರು. ಆ ದಶಕದ ಚಿತ್ರಗೀತೆ, ಪಾಪ್ ಹಾಡುಗಳಲ್ಲೆಲ್ಲ ಅದೇ ಎಲೆಕ್ಟ್ರಿಕ್ ಪಿಯಾನೊ, ಅದೇ ಗಂಟೆ. ಇತ್ತ ಚೌನಿಂಗ್ 1977ರಲ್ಲಿ ಅದೇ ತಂತ್ರದಿಂದ 'ಸ್ಟ್ರಿಯಾ' ಕೃತಿ ಮಾಡಿದರು. ಸ್ವರಗಳ ನಡುವಿನ ಅಂತರಕ್ಕೂ ಒಂದೊಂದು ಸ್ವರದೊಳಗಿನ ಉಪಸ್ವರಗಳ ಅಂತರಕ್ಕೂ 1.618ರ ಸುವರ್ಣ ಅನುಪಾತವನ್ನೇ ಬಳಸಿದರು. ಶ್ರುತಿ, ನಾದಗುಣ ಎರಡೂ ಒಂದೇ ಅಚ್ಚಿನವು. ಹಾಗಾಗಿ ನಮ್ಮ ಲೆಕ್ಕದಲ್ಲಿ ಅಪಸ್ವರವೆನಿಸಬೇಕಾದದ್ದು ಅಲ್ಲಿ ಹಿತವಾಗಿ ಕೂಡುತ್ತದೆ. ಸದ್ದುಗಳು ನಿಧಾನವಾಗಿ ಒಂದರ ಮೇಲೊಂದು ಬಂದು, ನಡುವಿನಲ್ಲಿ ದಟ್ಟವಾಗಿ ಕೆಳಗಿಳಿದು, ಮತ್ತೆ ತೆಳುವಾಗುತ್ತವೆ. ಸೂತ್ರ ಗೊತ್ತಿಲ್ಲದವನಿಗೂ ಆ ಇಳಿತ ಮೈಗೆ ತಟ್ಟುತ್ತದೆ.

ನ್ಯೂಜಿಲೆಂಡಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಸಂಯೋಜಕ ಡೆನಿಸ್ ಸ್ಮಾಲಿ ಇಲ್ಲಿ ಒಂದು ಉಪಯುಕ್ತ ಮಾತು ಸೇರಿಸಿದ್ದಾರೆ. ಕೇಳುಗ ಸಂಗೀತವನ್ನು ದಾಟಿ ಅದರ ಹಿಂದಿನ ತಂತ್ರವನ್ನೇ ಕೇಳತೊಡಗುವ ಸ್ಥಿತಿಯನ್ನು ಅವರು ತಾಂತ್ರಿಕ ಆಲಿಕೆ ಎಂದು ಗುರುತಿಸಿದರು. ಇದು ಯಾವ ಫಿಲ್ಟರು, ಅದು ಯಾವ ಸಾಫ್ಟ್‌ವೇರು ಎಂಬುದೇ ಮನಸ್ಸಿಗೆ ಮೊದಲು ಬಂದರೆ ಕೃತಿ ಎಲ್ಲೋ ಸೋತಿದೆ. ಈ ಕಾಯಿಲೆ ವೃತ್ತಿಯವರಿಗೇ ಹೆಚ್ಚು. ಒಂದೇ ಬಗೆಯ ಉಪಕರಣ ಬಳಸುವವರು ಒಬ್ಬರಿಗೊಬ್ಬರು ಕೇಳುಗರಾದಾಗ ಮೆಚ್ಚುಗೆ ಸದ್ದಿನ ಕೆಲಸಗಾರಿಕೆಯಲ್ಲೇ ಮುಗಿದುಹೋಗುತ್ತದೆ.

ಶೆಫರ್ ಕೊನೆಗಾಲದಲ್ಲಿ, 1980ರ ದಶಕದ ಒಂದು ಸಂದರ್ಶನದಲ್ಲಿ, ಸರಿಗಮದ ಹೊರಗೆ ಸಂಗೀತವಿಲ್ಲವೆಂದು ತಿಳಿಯಲು ನನಗೆ ನಲವತ್ತು ವರ್ಷ ಹಿಡಿಯಿತು ಎಂಬರ್ಥದಲ್ಲಿ ನೊಂದು ಮಾತಾಡಿದರು. ಆ ಪ್ರಾಮಾಣಿಕತೆ ದೊಡ್ಡದು, ತೀರ್ಪನ್ನು ಮಾತ್ರ ನಾನು ಒಪ್ಪಲಾರೆ. ಅವರದೇ ಬಳಗದಲ್ಲಿ ಧ್ವನಿ ಎಂಜಿನಿಯರಾಗಿ ಆರಂಭಿಸಿದ ಬರ್ನಾರ್ ಪಾರ್ಮೆಜಾನಿ 1975ರಲ್ಲಿ ಮುಗಿಸಿದ 'ದೆ ನಾತೂರಾ ಸೊನೊರುಂ' ಇದಕ್ಕೆ ಉತ್ತರ. ಅಲ್ಲಿ ಸರಿಗಮ ಹೆಚ್ಚೇನಿಲ್ಲ. ಒಂದು ಬಡಿತ, ಅದರ ಅನುರಣನ, ಅನುರಣನದಿಂದ ಹುಟ್ಟುವ ಇನ್ನೊಂದು ಸದ್ದು, ಹೀಗೆ ಒಂದು ಮತ್ತೊಂದಕ್ಕೆ ಕಾರಣವಾಗುತ್ತ ಹೋಗುತ್ತದೆ.

ನಮ್ಮ ನೆಲಕ್ಕೂ ಈ ಕಥೆಗೂ ನಿಜವಾದ ನಂಟು ಒಂದಿದೆ, ಅದು ಕಿರಾನಾ ಘರಾಣೆಯ ಮೂಲಕ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಹರಿದುಬಂದ ಆ ಪರಂಪರೆಯ ಇನ್ನೊಂದು ಕವಲು ಅಬ್ದುಲ್ ವಹೀದ್ ಖಾನರದು. ಅತಿ ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ಬಿಡಿಸುತ್ತಿದ್ದ ಆ ಉಸ್ತಾದರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಕಲಾವಿದರಾದ ಲಾ ಮಾಂಟೆ ಯಂಗ್, ಮರಿಯನ್ ಝಝೀಲಾ, ಟೆರಿ ರೈಲಿ ಪ್ರಾಣನಾಥರಲ್ಲಿ ಶಿಷ್ಯವೃತ್ತಿ ಮಾಡಿದರು. ತಂಬೂರಿ ಶ್ರುತಿ ಮಾಡುವುದನ್ನೇ ದೊಡ್ಡ ಸಾಧನೆಯಾಗಿ ಕಲಿತರು. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿ 1993ರಿಂದ ಇರುವ ಯಂಗ್, ಝಝೀಲಾ ಅವರ 'ಡ್ರೀಮ್ ಹೌಸ್'ನಲ್ಲಿ ಬದಲಾಗದ ಸೈನ್ ಅಲೆಗಳು ಒಂದೇ ಸಮನೆ ನುಡಿಯುತ್ತವೆ. ಕೂತವನು ತಲೆ ಸ್ವಲ್ಪ ಹೊರಳಿಸಿದರೆ ಕೇಳುವ ಸ್ವರಗಳೇ ಬೇರೆಯಾಗುತ್ತವೆ. ಕಲೋನಿನಲ್ಲಿ ಲೆಕ್ಕದ ಇಟ್ಟಿಗೆಯಾಗಿದ್ದ ಅದೇ ಸೈನ್ ಅಲೆ ಇಲ್ಲಿ ಷಡ್ಜದ ಹಾಗೆ ಕಿವಿಯನ್ನು ಒಳಗೆ ಕರೆದುಕೊಳ್ಳುತ್ತದೆ. ಉಪಕರಣ ಒಂದೇ ಆದರೂ ಕೇಳುವ ಸಂಸ್ಕಾರ ಬದಲಾದಾಗ ಫಲ ಎಷ್ಟು ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ತಂಬೂರಿಯೇ ಒಂದು ಸದ್ದಿನ ತಂತ್ರಜ್ಞಾನ ಎಂಬುದನ್ನು ನಾವು ನೆನೆಯುವುದು ಕಡಿಮೆ. ಸಿ. ವಿ. ರಾಮನ್ 1921ರ ಸುಮಾರಿಗೆ ವೀಣೆ, ತಂಬೂರಿಗಳನ್ನು ಪರೀಕ್ಷಿಸಿ ಒಂದು ವಿಚಿತ್ರವನ್ನು ಗುರುತಿಸಿದರು. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಕೂಡದು ಎನ್ನುತ್ತದೆ ಭೌತಶಾಸ್ತ್ರದ ನಿಯಮ. ತಂಬೂರಿಯ ಅಗಲವಾದ ಕುದುರೆ, ಅದರ ಮೇಲೆ ತಂತಿಯಡಿ ಸಿಕ್ಕಿಸುವ ದಾರ ಇವುಗಳಿಂದಾಗಿ ಆ ಉಪಸ್ವರಗಳೂ ಮೊಳಗುತ್ತವೆ. ದಾರವನ್ನು ಕೂದಲೆಳೆಯಷ್ಟು ಸರಿಸಿ ಜವಾರಿ ಕೂಡಿಸುವ ಕೈ ಮಾಡುವುದು ಇಂದು ಸಾಫ್ಟ್‌ವೇರಿನಲ್ಲಿ ಫಿಲ್ಟರು ತಿರುಗಿಸುವವರ ಕೆಲಸವನ್ನೇ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಕಚೇರಿಗಳಿಗೆ ಬಂದು ದಶಕಗಳಾದವು. ಶ್ರುತಿ ಕದಲುವುದಿಲ್ಲ, ಹೊರುವುದು ಸುಲಭ. ಹಾಗಿದ್ದೂ ಅನೇಕ ಗಾಯಕರು ಮರದ ತಂಬೂರಿಯನ್ನೇ ಬಯಸುತ್ತಾರೆ. ಪ್ರತಿ ಮೀಟಿಗೂ ಒಂದಿಷ್ಟು ಬೇರೆಯಾಗುವ ಆ ನಾದದಲ್ಲಿ ಅವರಿಗೆ ಹಾಡಲು ಏನೋ ಸಿಗುತ್ತದೆ.

ಫ್ರಾನ್ಸಿನ ಎಲಿಯಾನ್ ರಾಡಿಗ್ ಇದೇ ಸೂಕ್ಷ್ಮವನ್ನು ಯಂತ್ರದಲ್ಲಿ ಹುಡುಕಿದರು. ಶೆಫರ್ ಬಳಗದಲ್ಲಿ ಟೇಪ್ ಕತ್ತರಿಸುವುದನ್ನು ಕಲಿತು, ಸಂಯೋಜಕ ಪಿಯೆರ್ ಆನ್ರಿಗೆ ಸಹಾಯಕಿಯಾಗಿದ್ದ ಆಕೆ ಎಆರ್‌ಪಿ 2500 ಸಿಂಥಸೈಜರನ್ನು ನ್ಯೂಯಾರ್ಕಿನಿಂದ ಮನೆಗೆ ತಂದಾಗ ಅದರ ಕೀಬೋರ್ಡನ್ನು ಅಲ್ಲೇ ಬಿಟ್ಟು ಬಂದರು. ಗುಂಡಿಗಳನ್ನು ತೀರಾ ನಿಧಾನವಾಗಿ ತಿರುಗಿಸುತ್ತ, ಬದಲಾವಣೆ ಯಾವಾಗ ಆಯಿತೆಂದು ಗೊತ್ತಾಗದಂತೆ ಗಂಟೆಗಟ್ಟಲೆ ಸಂಗೀತ ಮಾಡಿದರು. ಮೂರು ಗಂಟೆಯ 'ತ್ರಿಲೊಜಿ ದ ಲಾ ಮೋರ್' ಅದರ ಶಿಖರ. ಈ ಶತಮಾನದಲ್ಲಿ ಅವರು ಸಿಂಥಸೈಜರನ್ನೇ ಬಿಟ್ಟು, ಚೆಲ್ಲೊ, ಹಾರ್ಪ್ ಮೊದಲಾದ ವಾದ್ಯಗಾರರನ್ನು ಎದುರು ಕೂರಿಸಿಕೊಂಡು, ಸ್ವರಲಿಪಿ ಇಲ್ಲದೆ ಬಾಯಿಮಾತಿನಲ್ಲೇ ಕೃತಿಗಳನ್ನು ಕಲಿಸತೊಡಗಿದರು. ಕೇಳಿದರೆ ಅದು ಅದೇ ಸಂಗೀತ. ಯಂತ್ರ ಹೋದರೂ ಆಕೆಯ ಸಂಗೀತಕ್ಕೆ ಏನೂ ಆಗಲಿಲ್ಲ.

ಭಾರತದಲ್ಲಿ ಆರಂಭಗಳು ಇದ್ದವು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರಿನ ಸ್ಟುಡಿಯೊ ಕೂಡಿಸಿದರು. ಗೀತಾ ಸಾರಾಭಾಯ್, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಅಲ್ಲಿ ಕೆಲಸ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿದ್ದು, ಕಲಾವಿದ ಪಾಲ್ ಪರ್ಗಸ್ ಅವರ ಶ್ರಮದಿಂದ 2023ರಲ್ಲಿ ಹೊರಬಂದವು. ಬಹುಪಾಲು ಯಂತ್ರದ ಪರಿಚಯ ಮಾಡಿಕೊಳ್ಳುವ ಅಭ್ಯಾಸಗಳು. ಕೆಲವೇ ವರ್ಷಗಳಲ್ಲಿ ಚಟುವಟಿಕೆ ನಿಂತುಹೋದ್ದರಿಂದ, ಬೆರಗು ಕಳೆದ ಮೇಲೆ ಆ ಕೈಗಳು ಏನು ಮಾಡುತ್ತಿದ್ದವು ಎಂಬುದು ಕೇಳಸಿಗಲಿಲ್ಲ. ಮುಂಬಯಿಯ ಚಿತ್ರಸಂಗೀತದ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ ಒಂದು ತಟ್ಟೆ ಹೊರತಂದರು. ಆಗ ಅದನ್ನು ಕೇಳಿದವರು ಕಡಿಮೆ. 2010ರ ಮರುಮುದ್ರಣದ ನಂತರ ಲೋಕ ಬೆರಗಾಯಿತು. ಆ ಯಂತ್ರಗಳಲ್ಲಿ ಒಂದಾದ ಟಿಬಿ-303ರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸೌಕರ್ಯವಿತ್ತು. ಅಲ್ಲಿ ಮೀಂಡ್‌ಗೆ ಹತ್ತಿರದ್ದೇನೋ ಇದೆ ಎಂದು ರಾಗ ಬಲ್ಲವರಿಗೆ ಮಾತ್ರ ಹೊಳೆಯಬಹುದಿತ್ತು, ಅವರಿಗೆ ಹೊಳೆಯಿತು.

ಡಿಜಿಟಲ್ ಕಾಲದಲ್ಲಿ ಸಂಗೀತ ಎಲ್ಲಿ ಎಂಬ ದೂರು ಇನ್ನೂ ಜೋರಾಯಿತು. ಗೀರು ಬಿದ್ದ ಸಿ.ಡಿ.ಯ ತೊದಲನ್ನೇ ಸಂಗೀತ ಮಾಡಿದ ಓವಲ್ ತಂಡದ 1990ರ ದಶಕದ ಧ್ವನಿಸುರುಳಿಗಳು, ಯಂತ್ರದ ಸೋಲನ್ನೇ ಸೌಂದರ್ಯವೆಂದು ಕಿಮ್ ಕ್ಯಾಸ್ಕೋನ್ 2000ದಲ್ಲಿ ಬರೆದ ಪ್ರಬಂಧ, ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಹಿಂದೆ ಅಲುಗದೆ ಕೂತ ಕಲಾವಿದರು. ಅನುಕರಣೆಗಳು ಬೇಗ ಬೇಸರ ತಂದವು. ಅದೇ ತೊದಲನ್ನು ವಿಯೆನ್ನಾದ ಕ್ರಿಸ್ಟಿಯನ್ ಫೆನ್ನೆಸ್ 2001ರ 'ಎಂಡ್‌ಲೆಸ್ ಸಮ್ಮರ್'ನಲ್ಲಿ ಗಿಟಾರಿನ ಸರಳ ರಾಗಗಳ ಮೇಲೆ ಹರಡಿದಾಗ, ಸವೆದ ನೆನಪಿನೊಳಗಿಂದ ಹಾಡು ಹೊರಬರುವಂತೆ ಕೇಳಿಸಿತು. ಅದೇ ವರ್ಷ ಬಂದ, ರಾಚ್‌ಡೇಲ್‌ನ ಜೋಡಿ ಆಟೆಕರ್ ಅವರ 'ಕನ್‌ಫೀಲ್ಡ್' ಕೇಳುಗರನ್ನು ಸೀಳಿಬಿಟ್ಟಿತು. ಮ್ಯಾಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ತಾವೇ ಕಟ್ಟಿದ ವ್ಯವಸ್ಥೆಗಳಿಂದ ಅವರು ಲಯ ಹುಟ್ಟಿಸಿದ್ದರು. ಅದನ್ನು ಶೀತಲ ಎಂಜಿನಿಯರಿಂಗ್ ಎಂದವರಿದ್ದಾರೆ. ನಾಲ್ಕಾರು ಸಲ ಕೇಳಿದ ಮೇಲೆ ನನಗೆ ಅಲ್ಲಿ ಬೇರೊಂದು ಗೋಚರಿಸಿತು: ಬಡಿತ ಕದಡಿದಷ್ಟೂ ಅಡಿಯಲ್ಲಿ ಒಂದು ಸ್ವರಸಮೂಹ ಮೆತ್ತಗೆ ಹಿಡಿದು ನಿಲ್ಲಿಸುತ್ತಿರುತ್ತದೆ. ಅದಿಲ್ಲದ ಅವರ ಕೆಲವು ರಚನೆಗಳು ಇಂದಿಗೂ ನನಗೆ ದಕ್ಕಿಲ್ಲ.

ಸದ್ದಿನ ಹೊಳಪು ಇಲ್ಲದೆಯೂ ಗೆದ್ದವರಿದ್ದಾರೆ. ಏಫೆಕ್ಸ್ ಟ್ವಿನ್ ಅವರ ಮೊದಲ ದೊಡ್ಡ ಸಂಗ್ರಹ ಕ್ಯಾಸೆಟ್ಟಿನಲ್ಲಿ ಹಿಡಿದದ್ದು, ಅದರ ಸದ್ದು ಮಬ್ಬು. ಲಂಡನ್ನಿನ ಬರಿಯಲ್ 2007ರ 'ಅನ್‌ಟ್ರೂ'ವನ್ನು ಸೌಂಡ್ ಫೋರ್ಜ್ ಎಂಬ ಸಾದಾ ಸಂಪಾದನಾ ತಂತ್ರಾಂಶದಲ್ಲಿ ಮಾಡಿದರು. ಅದರಲ್ಲಿ ತಾಳದ ಚೌಕಟ್ಟೇ ಇರಲಿಲ್ಲ. ಪರದೆಯ ಮೇಲಿನ ಅಲೆಯ ಆಕಾರ ನೋಡಿ ಡ್ರಮ್ಮಿನ ಬಡಿತಗಳನ್ನು ಕೂರಿಸಿದರು. ಆ ಬಡಿತಗಳು ಕೂದಲೆಳೆಯಷ್ಟು ಹಿಂದೆಮುಂದೆ ಬೀಳುವುದರಿಂದಲೇ ಆ ಸಂಗೀತಕ್ಕೆ ಒಂದು ನಡಿಗೆ ಸಿಕ್ಕಿದೆ. ಇನ್ನೊಂದು ತುದಿಯಲ್ಲಿ ಸೋಫಿ ಇದ್ದಾರೆ. 2021ರಲ್ಲಿ ಎಳೆ ವಯಸ್ಸಿಗೆ ತೀರಿಹೋದ ಆಕೆ ಲೋಹ, ರಬ್ಬರು, ಗುಳ್ಳೆಗಳ ಹಾಗೆ ಕೇಳುವ ಸದ್ದುಗಳನ್ನು ಬರೀ ವಿದ್ಯುತ್ ಅಲೆಗಳಿಂದ ಕೆತ್ತಿದರು. ಆಕೆಯಲ್ಲಿ ತಯಾರಿಕೆಯ ಹೊಳಪೇ ಭಾವ; ಒಂದನ್ನು ತೆಗೆದರೆ ಇನ್ನೊಂದು ಉಳಿಯುವುದಿಲ್ಲ.

ಇಂದು ಆ ಹೊಳಪು ಅಗ್ಗವಾಗಿದೆ. ಬೆಂಗಳೂರಿನ ಒಂದು ಕೋಣೆಯಲ್ಲಿ ಸಾಧಾರಣ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಯ ಕೈಗೆ ಒಂದು ಕಾಲದ ಕಲೋನ್ ಸ್ಟುಡಿಯೊಗೆ ಕನಸಾಗಿದ್ದ ಶಕ್ತಿ ಬಂದಿದೆ. ಕಲಿಸುವ ವಿಡಿಯೊಗಳು ಬೇಕಾದಷ್ಟಿವೆ. ಅವು ಬಾಸ್ ದಪ್ಪ ಮಾಡುವುದನ್ನು, ಜೋರು ಏರಿಸುವುದನ್ನು, ಮಿಶ್ರಣ ಸ್ವಚ್ಛಗೊಳಿಸುವುದನ್ನು ಹೇಳಿಕೊಡುತ್ತವೆ, ಏಕೆಂದರೆ ಇವನ್ನೆಲ್ಲ ಮೀಟರಿನಲ್ಲಿ ಅಳೆಯಬಹುದು. ಏಳನೇ ನಿಮಿಷದಲ್ಲಿ ಬರುವ ಸದ್ದು ಎರಡನೇ ನಿಮಿಷದ್ದಕ್ಕೆ ಏನು ಉತ್ತರ ಕೊಡಬೇಕು ಎಂಬುದನ್ನು ಅಳೆಯುವ ಮೀಟರಿಲ್ಲ, ಹಾಗಾಗಿ ಅದರ ಪಾಠವೂ ಕಡಿಮೆ. ಯಂತ್ರಬುದ್ಧಿಯ ಮಾದರಿಗಳು ಕೇಳಿದಷ್ಟು ಹೊತ್ತು ನಯವಾದ ಸದ್ದು ಸುರಿಸುವ ಈ ಹೊತ್ತಿನಲ್ಲಿ ಆಯುವ, ಬಿಡುವ ಕೆಲಸದ ಬೆಲೆ ಏರಿದೆ. ಆಟೆಕರ್ 2018ರಲ್ಲಿ ಎನ್‌ಟಿಎಸ್ ರೇಡಿಯೊಗೆ ಎಂಟು ಗಂಟೆಯ ಸಂಗೀತ ಕೊಟ್ಟಾಗ, ಯಂತ್ರ ಹೊರಡಿಸಿದ್ದರಲ್ಲಿ ಯಾವುದು ಎಷ್ಟು ಹೊತ್ತು ಉಳಿಯಬೇಕೆಂಬ ತೀರ್ಮಾನವೇ ಸಂಯೋಜನೆಯ ದೊಡ್ಡ ಪಾಲಾಗಿತ್ತೆಂದು ಕೇಳಿದಾಗ ಅನಿಸುತ್ತದೆ.

ಈ ಸಂಗೀತದ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಇನ್ನೂ ವಿರಳ. ಆದರೆ ಬೇಕಾದ ಮಾತುಗಳ ದೊಡ್ಡ ಭಾಗ ನಮ್ಮಲ್ಲಿ ಈಗಾಗಲೇ ಇದೆ. ಗಾಯಕ ರಾಗವನ್ನು ಬೆಳೆಸಿದನೇ ಅಥವಾ ತಾನುಗಳನ್ನು ಸುರಿದನೇ, ಸ್ವರಕ್ಕೆ ಅವಸರವಿಲ್ಲದೆ ಬಂದನೇ, ರಾಗವನ್ನು ಹಂತಹಂತವಾಗಿ ಅರಳಿಸುವ ಬಡತ್‌ನಲ್ಲಿ ಒಂದು ಹಂತ ಹಾರಿಸಿದನೇ ಎಂದು ಧಾರವಾಡ, ಹುಬ್ಬಳ್ಳಿಯ ರಸಿಕರು ಕಚೇರಿ ಮುಗಿದ ಮೇಲೆ ಗಂಟೆಗಟ್ಟಲೆ ಚರ್ಚಿಸಿದ್ದಾರೆ. ಯಾವ ಸಾಫ್ಟ್‌ವೇರು ಎಂದು ಕೇಳುವ ಮೊದಲು ಈ ಪ್ರಶ್ನೆಗಳನ್ನು ಹಿಡಿದು ರಾಡಿಗ್ ಅವರ ತ್ರಿವಳಿಯ ಎರಡನೇ ಭಾಗದ ಎದುರು ಕೂರಬಹುದು. ಅದರ ಹೆಸರೇ 'ಕೈಲಾಶ', ಆ ಪರ್ವತದ ಸುತ್ತ ಮನಸ್ಸಿನಲ್ಲೇ ಮಾಡಿದ ಪ್ರದಕ್ಷಿಣೆ. ಒಂದು ಗಂಟೆಗೆ ಸಮೀಪದ ಆ ಕೃತಿಯಲ್ಲಿ ಬಡತ್ ಇದೆ ಎಂದು ನಾನು ವಾದಿಸುತ್ತೇನೆ. ಇಲ್ಲವೆನ್ನುವವರ ವಾದವನ್ನೂ ಕನ್ನಡದಲ್ಲಿ ಓದಬೇಕೆಂಬ ಆಸೆ ನನ್ನದು.